ಗೇಟಿನ ಬಳಿ ಕರಿ ಕುದುರೆ

ನಮ್ಮ ಸೀಮೆಯ ಮದುವೆ ಮನೆಗಳಲ್ಲಿ ನನ್ನ ತಲೆಗೆ ಒಂದು ಮರ್ಯಾದೆ ಇದೆ. ಊಟಕ್ಕೆ ಕೂತಾಗ ಯಾರಾದರೊಬ್ಬರು ತಮ್ಮ ಮಕ್ಕಳನ್ನು ಕರೆದು, "ನೋಡಿಕೊ, ತಲೆ ಬಗ್ಗಿಸಿಯೇ ದೊರೆಯ ಗೇಟು ತೆಗೆಸಿದವನು ಇವನೇ" ಎಂದು ತೋರಿಸುತ್ತಾರೆ. ಮಕ್ಕಳು ನನ್ನ ತಲೆಯನ್ನು ನೋಡುತ್ತವೆ. ಈಗ ಅಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ನಾನು ಮಾತಾಡದೆ ರುಮಾಲು ಸರಿಮಾಡಿಕೊಂಡು ಇನ್ನೊಂದು ಸೌಟು ಅವರೆ ಉದಕ, ಅಂದರೆ ಅವರೆಕಾಳಿನ ಸಾರು, ಹಾಕಿಸಿಕೊಳ್ಳುತ್ತೇನೆ. ಹೀಗೆ ಸುಮ್ಮನಿದ್ದು ಉಂಡ ಉದಕವನ್ನೆಲ್ಲ ಒಂದು ಕಡೆ ಸುರಿದರೆ ಅದರಲ್ಲಿ ಒಂದು ಎಮ್ಮೆ ಮೀಯಬಹುದು.

ಆ ಕಥೆಯಲ್ಲಿ ಬಹುಪಾಲು ನಿಜ. ಒಂದು ಬೆಳಗಿನದು ಮಾತ್ರ ಸುಳ್ಳು, ಆ ಸುಳ್ಳು ನನ್ನದು. ಅಕ್ಕ ಇರುವವರೆಗೂ ಬಾಯಿ ಬಿಡಲಿಲ್ಲ. ಅವಳು ಹೋದ ಮೇಲೆ ಈಗ ಬರೆಯಲು ಕೂತಿದ್ದೇನೆ. ನಾನು ಪಾದ್ರಿಗಳ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಕನ್ನಡ ಕಲಿತವನು. ನಾಲ್ಕನೆಯದಕ್ಕೆ ಹೋಗುವ ಹೊತ್ತಿಗೆ ಆಲೂಗಡ್ಡೆ ಅಗೆಯುವ ಕಾಲ ಬಂತು, ಆಮೇಲೆ ಆ ಕಾಲ ಮುಗಿಯಲೇ ಇಲ್ಲ. ಹಟ್ಟಿಯ ಮಾತನ್ನು ಇದ್ದ ಹಾಗೆಯೇ ಬರೆದರೆ ಮೈಸೂರಿನವರಿಗೆ ಅರ್ಧ ತಿಳಿಯದು, ಅದಕ್ಕೆ ಸ್ವಲ್ಪ ನೇರ ಮಾಡಿ ಬರೆದಿದ್ದೇನೆ. ಉಳಿದಿದ್ದನ್ನು ನೇರ ಮಾಡಿಲ್ಲ.

ನಮ್ಮ ಹಟ್ಟಿ ಊಟಿಯಿಂದ ಕುಂದಾ ಕಡೆಗೆ ಹೋಗುವಾಗ ಸಿಗುತ್ತದೆ. ಗುಡ್ಡದ ಹೆಗಲ ಮೇಲೆ ಒಂದೇ ಸಾಲು ಮನೆಗಳು, ಎದುರಿಗೆ ಅಂಗಳ, ಕೆಳಗೆ ಹೊಲ, ಹೊಲದ ಕೆಳಗೆ ಟೀ ಎಸ್ಟೇಟು. ಎಸ್ಟೇಟು ಬರುವುದಕ್ಕೆ ಮುಂಚೆ ಅಲ್ಲಿ ನಮ್ಮ ಎಮ್ಮೆಗಳು ಮೇಯುತ್ತಿದ್ದವು. ಎಮ್ಮೆ ಹೋಗಿ ಟೀ ಬಂದರೂ ನಡುವಿನ ಕಾಲುದಾರಿ ಉಳಿದಿತ್ತು. ಊಟಿ ಸಂತೆಗೆ, ಬೇಸಿಗೆಯಲ್ಲೂ ಬತ್ತದ ಒರತೆಗೆ, ಆಚೆ ಹಟ್ಟಿಯ ನೆಂಟರ ಮನೆಗೆ, ಎಲ್ಲಕ್ಕೂ ಅದೇ ದಾರಿ. ಎಸ್ಟೇಟಿನ ಒಳಗೆ ಕೂಲಿ ಲೈನುಗಳಿದ್ದವು, ಕೂಲಿಯವರ ಸಾಲುಮನೆಗಳು. ಕೆಳನಾಡಿನಿಂದ ಘಟ್ಟ ಹತ್ತಿ ಬಂದ ತಮಿಳು ಜನ ಅಲ್ಲಿದ್ದರು. ಅವರಿಗೂ ಹೊರಗೆ ಬರಲು ಅದೊಂದೇ ದಾರಿ.

ಊಟಿಗೆ ರೈಲು ಬಂದು ಹಲವು ವರ್ಷಗಳಾಗಿದ್ದವು. ಆಗ ಎಸ್ಟೇಟಿಗೆ ಒಬ್ಬ ಹೊಸ ದೊರೆ ಬಂದ. ಬಂದವನೇ ಆ ದಾರಿ ಎಸ್ಟೇಟಿನಿಂದ ಊಟಿ ಕಡೆಗೆ ಹೊರಬೀಳುವಲ್ಲಿ ಅಡ್ಡ ಗೇಟು ಹಾಕಿಸಿದ. ಹಟ್ಟಿಯವರ ಎಮ್ಮೆಗಳು ಗಿಡ ತುಳಿಯುತ್ತವೆ ಎಂದು ಒಂದು ಕಾರಣ ಹೇಳಿದ. ಲೈನಿನವರು ಕೇಳದೆ ಸಂತೆಗೆ ಹೋಗುತ್ತಾರೆ, ಹೋದವರು ಬೇರೆ ಎಸ್ಟೇಟಿಗೆ ಓಡುತ್ತಾರೆ ಎಂಬುದು ಅವನು ಹೇಳದ ಕಾರಣ. ಗುಡ್ಡ ಸುತ್ತಿಕೊಂಡು ಹೋದರೆ ಸಂತೆ ಎದ್ದು ಹೋಗುವ ಹೊತ್ತಿಗೆ ಸರಿಯಾಗಿ ಊಟಿ ಮುಟ್ಟಬಹುದಿತ್ತು.

ಇದು ಅಕ್ಕನಿಗೆ ಸರಿಬೀಳಲಿಲ್ಲ. ಅವಳಿಗೆ ಸರಿಬೀಳದೆ ಇದ್ದದ್ದು ಬಹಳ ಇತ್ತು. ಗಂಡನ ಮನೆಯೂ ಸರಿಬೀಳದೆ ಬಿಟ್ಟು ಬಂದಿದ್ದಳು. ನಮ್ಮವರಲ್ಲಿ ಅದು ದೊಡ್ಡ ಅಪವಾದವಲ್ಲ, ಆದರೂ ಏಕೆ ಬಂದೆ ಎಂದು ಕೇಳುತ್ತಾರೆ. "ಅಲ್ಲಿ ಯಾರೂ ಜಗಳ ಆಡೋರೇ ಇಲ್ಲೆ. ಏನು ಹೇಳಿದ್ರೂ ಸರಿ ಸರಿ ಅಂತಾರೆ. ಎಷ್ಟು ದಿನ ಇರೋದು?" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆ ಕೊರತೆ ಇರಲಿಲ್ಲ.

ಗೇಟು ಬಿದ್ದ ಹೊಸದರಲ್ಲಿ ಊಟಿ ಸಂತೆಯಲ್ಲಿ ಖಾದಿ ಟೋಪಿಯವರೊಬ್ಬರು ಒಂದು ಪೆಟ್ಟಿಗೆ ಮೇಲೆ ನಿಂತು ಸ್ವರಾಜ್ಯದ ಬಗ್ಗೆ ತಮಿಳಿನಲ್ಲಿ ಭಾಷಣ ಮಾಡುತ್ತಿದ್ದರು. ಅಕ್ಕ ಸೊಪ್ಪಿನ ಮೂಟೆ ಇಳಿಸಿ ಪೂರ್ತಿ ಕೇಳಿದಳು.

"ಅಣ್ಣಾ, ಆ ಸ್ವರಾಜ್ಯ ನಮ್ಮ ಹಟ್ಟಿಗೂ ಬರುತ್ತಾ?"

"ಖಂಡಿತ ಬರುತ್ತದೆ ತಾಯಿ."

"ಯಾವ ದಾರೀಲಿ? ಗೇಟು ಹಾಕಿದಾರೆ."

ಸುತ್ತ ನಿಂತವರು ನಕ್ಕರು. ಅವರು ಮಾತ್ರ ನಗಲಿಲ್ಲ. ಪೆಟ್ಟಿಗೆಯಿಂದ ಇಳಿದು ಬಂದು ವಿಚಾರಿಸಿದರು. "ಗೇಟು ಮುರಿಯಬೇಡಿ, ಯಾರ ಮೇಲೂ ಕೈ ಮಾಡಬೇಡಿ, ಆದರೆ ಆ ದಾರಿಯಲ್ಲಿ ನಡೆಯುವುದನ್ನು ಒಂದು ದಿನವೂ ಬಿಡಬೇಡಿ" ಎಂದರು. ಅಕ್ಕ ಮನೆಗೆ ಬಂದು ಇದನ್ನು ಹೇಳಿ, "ಮುರಿಯದೆ ನಡೆಯೋದು ಹೆಂಗೆ ಅಂತ ಕೇಳೋಷ್ಟರಲ್ಲಿ ರೈಲಿಗೆ ಹೊತ್ತಾಯ್ತು ಅಂತ ಓಡಿಬಿಟ್ಟ" ಎಂದಳು. ಆ ಉಳಿದ ಅರ್ಧ ಉತ್ತರವನ್ನು ಅವಳೇ ಹುಡುಕಿಕೊಂಡಳು.

ದೊರೆ ಗೇಟು ಕಾಯಲು ಆಚೆ ಹಟ್ಟಿಯ ಒಬ್ಬ ಮುದುಕನನ್ನು ಇಟ್ಟಿದ್ದ. ನಮಗೆ ದೂರದ ಸಂಬಂಧದಲ್ಲಿ ಮಾವನಾಗಬೇಕು. ಮುದುಕರ ಮಾತನ್ನು ಹಟ್ಟಿಯವರು ಮೀರುವುದಿಲ್ಲ ಎಂದು ದೊರೆಗೆ ಎಸ್ಟೇಟಿನ ಕೂಲಿ ಮೇಸ್ತ್ರಿ ಹೇಳಿಕೊಟ್ಟಿದ್ದ. ಮೇಸ್ತ್ರಿ ಹೇಳಿದ್ದು ನಿಜವೇ, ಆದರೆ ಅವನಿಗೆ ತಿಳಿದಿದ್ದು ಅರ್ಧ. ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಗ್ಗಿಸಿ ನಿಲ್ಲಬೇಕು. ಗಂಡಸಾದರೆ ರುಮಾಲು ತೆಗೆದು ಬಗ್ಗಬೇಕು. ಹಿರಿಯರು ತಲೆಯ ಮೇಲೆ ಕೈ ಇಟ್ಟು ಹರಸಬೇಕು. ಹಗೆ ಇದ್ದರೂ ಸರಿ, ಬಗ್ಗಿದ ತಲೆಗೆ ಕೈ ಇಡದೆ ಇರುವ ಹಾಗಿಲ್ಲ. ಹರಸಿ ಮುಗಿಸಿ ಕೈ ತೆಗೆಯುವವರೆಗೆ ಕಿರಿಯರು ತಲೆ ಎತ್ತುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಸೊಪ್ಪಿನ ಮೂಟೆ ಹೊತ್ತು ಗೇಟಿಗೆ ಹೋದಳು. ನಾನೂ ಹಿಂದೆ ಹೋಗಿದ್ದೆ, ನೋಡುವುದಕ್ಕೆ.

"ದಾರಿ ಇಲ್ಲೆ ಮಗಳೇ, ಸುತ್ತಿಕೊಂಡು ಹೋಗು," ಎಂದ ಮಾವ.

"ಹೋಗ್ತೀನಿ ಮಾವ. ಹರಸು," ಎಂದು ಅಕ್ಕ ಮೂಟೆ ಇಳಿಸಿ ತಲೆ ಬಗ್ಗಿಸಿದಳು.

ಮಾವನ ಕೈ ತಾನಾಗಿಯೇ ಮೇಲೆ ಹೋಯಿತು. ಬಾಯಿಯೂ ಅಭ್ಯಾಸದ ಮೇಲೆ ಹೊರಟಿತು. "ಎಮ್ಮೆ ಈಯಲಿ, ಕೊಡ ತುಂಬಲಿ, ಹಿಡಿದದ್ದು ಹೊನ್ನಾಗಲಿ, ಹೋದ ದಾರಿ ಸುಖವಾಗಲಿ..." ಅಲ್ಲಿಗೆ ಬಂದು ಮಾವ ನಿಂತುಬಿಟ್ಟ.

ಅಕ್ಕ ಬಗ್ಗಿದಲ್ಲಿಂದಲೇ ಕೇಳಿದಳು. "ಯಾವ ದಾರಿ ಮಾವ?"

ಮಾವ ಗೇಟು ನೋಡಿದ, ಅಕ್ಕನನ್ನು ನೋಡಿದ. ದಾರಿ ಸುಖವಾಗಲಿ ಎಂದು ಹರಸಿದ ಬಾಯಲ್ಲೇ ದಾರಿ ಇಲ್ಲ ಎಂದರೆ ಹರಕೆ ಸುಳ್ಳಾಗುತ್ತದೆ. ಹರಕೆ ಸುಳ್ಳು ಮಾಡಿದ ಮುದುಕನಿಗೆ ಮುಂದೆ ಯಾವ ಮದುವೆಗೂ ಕರೆ ಬರುವುದಿಲ್ಲ. ಮಾವ ಬೈದುಕೊಳ್ಳುತ್ತ ಗೇಟು ತೆಗೆದ. "ನಿನ್ನ ಗಂಡ ಏನು ಪುಣ್ಯ ಮಾಡಿದ್ನೋ, ಬೇಗ ಬಿಡುಗಡೆ ಆಯ್ತು ಅವನಿಗೆ" ಎಂದ.

ಅಂದಿನಿಂದ ಹಟ್ಟಿಯವರೆಲ್ಲ ಸಾಲಾಗಿ ಹೋಗಿ ತಲೆ ಬಗ್ಗಿಸತೊಡಗಿದರು. ಸಂತೆಯ ದಿನ ಮಾವನ ಬಲಗೈ ಸೋತು, ಎಡಗೈಯಿಂದ ಹರಸಿದರೆ ನಡೆಯುತ್ತದೆಯೇ ಎಂಬ ಚರ್ಚೆಯೂ ಆಯಿತು.

ಆಮೇಲೆ ಅಕ್ಕ ಇನ್ನೊಂದು ಕೆಲಸ ಮಾಡಿದಳು. ಅದು ನಮ್ಮವರಿಗೇ ಸರಿಬೀಳಲಿಲ್ಲ. ಲೈನಿನ ಹೆಂಗಸರನ್ನೂ ಸಾಲಿನಲ್ಲಿ ನಿಲ್ಲಿಸಿದಳು. ಅವರನ್ನು ನಮ್ಮವರು ಮುಟ್ಟುತ್ತಿರಲಿಲ್ಲ, ಅವರ ಕೈಯ ನೀರು ಕುಡಿಯುತ್ತಿರಲಿಲ್ಲ. ಮಾವ ಅವರ ತಲೆಯಿಂದ ಒಂದು ಗೇಣು ಮೇಲೆ ಕೈ ಹಿಡಿದು ಹರಸಿದ.

"ಮಾವ, ಹೋಗಬೇಕಾದ್ದು ಗಾಳಿ ಅಲ್ಲ, ಅವಳು," ಎಂದಳು ಅಕ್ಕ.

ಮಾವನ ಕೈ ಒಂದು ಗೇಣು ಇಳಿಯಿತು. ಹೇಗೆ ಇಳಿಯಿತೋ ನನಗೆ ಇಂದಿಗೂ ಆಶ್ಚರ್ಯ.

ಲೈನಿನಲ್ಲಿ ಎಲ್ಲರಿಗಿಂತ ದೊಡ್ಡವಳು ಒಬ್ಬ ಮುದುಕಿ. ಎಲ್ಲರೂ ಅವಳನ್ನು ಪಾಟಿ ಎನ್ನುತ್ತಿದ್ದರು, ತಮಿಳಿನಲ್ಲಿ ಅಜ್ಜಿ ಎಂದು ಅರ್ಥ. ತಾಯಂದಿರು ಎಲೆ ಕೀಳಲು ಹೋದಾಗ ಲೈನಿನ ಕೂಸುಗಳನ್ನೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಅವಳು ಗೇಟಿಗೆ ಬಂದ ದಿನ, ಯಾರು ಯಾರಿಗೆ ಬಗ್ಗಬೇಕು ಎಂಬ ಪ್ರಶ್ನೆ ಎದ್ದಿತು. ಮಾವ ತಾನು ದೊಡ್ಡವನು ಎಂದ. ಪಾಟಿ ತಾನು ಎಂದಳು. ಊಟಿಗೆ ರೈಲು ಬಂದಾಗ ನಿನಗೆ ಹಲ್ಲಿತ್ತೇ ಎಂದು ಅವನು ಕೇಳಿದರೆ, ನಿನಗೆ ಬುದ್ಧಿ ಇತ್ತೇ ಎಂದು ಅವಳು ಕೇಳಿದಳು. ಕೊನೆಗೆ ಇಬ್ಬರೂ ಒಂದೇ ವಯಸ್ಸಿನವರು ಎಂದು ರಾಜಿಯಾಗಿ, ಇಬ್ಬರೂ ಒಟ್ಟಿಗೆ ಬಗ್ಗಿ, ತಲೆಗೆ ತಲೆ ಢಿಕ್ಕಿ ಹೊಡೆದುಕೊಂಡರು. ಎರಡು ಕಡೆಯ ಜನರೂ ನಗುತ್ತ ಗೇಟು ದಾಟಿದರು. ನಾನೂ ನಕ್ಕವರಲ್ಲಿ ಒಬ್ಬ. ಮುದುಕನ ಹಣೆಗೆ ಲೈನಿನ ಮುದುಕಿಯ ಹಣೆ ತಾಗಿತು ಎಂದು ನನಗೆ ಆಗ ಹೊಳೆಯಲೇ ಇಲ್ಲ.

ಸುದ್ದಿ ದೊರೆಗೆ ಮುಟ್ಟಿತು. ಮಾವನಿಗೆ ಕೆಲಸ ಹೋಯಿತು. ಮೇಸ್ತ್ರಿ ಯೋಚನೆ ಮಾಡಿ, ಮುದುಕನಾದರೆ ಹರಸುತ್ತಾನೆ, ಹರಸಲು ವಯಸ್ಸಿಲ್ಲದವನನ್ನು ಇಟ್ಟರಾಯಿತು ಎಂದುಕೊಂಡ. ಹಟ್ಟಿಗೆ ಬಂದು ನನ್ನನ್ನು ಕರೆದ.

ನಾನು ಒಪ್ಪಿಕೊಂಡೆ. ಏಕೆ ಎಂದು ಯಾರಾದರೂ ಕೇಳಿದರೆ, ಅಕ್ಕನಿಗೆ ಒಳಗಿನಿಂದ ಸಹಾಯ ಮಾಡಲು ಎಂದು ಹೇಳುತ್ತ ಬಂದಿದ್ದೇನೆ. ಅದೂ ಸುಳ್ಳು. ಖಾಕಿ ಕೋಟು ಕೊಡುತ್ತಾರೆ, ಟೊಪ್ಪಿಗೆ ಕೊಡುತ್ತಾರೆ, ಕೊರಳಿಗೆ ಒಂದು ಸೀಟಿ ಕೊಡುತ್ತಾರೆ ಎಂದು ಒಪ್ಪಿಕೊಂಡೆ. ಆ ಟೊಪ್ಪಿಗೆ ಹಾಕಿಕೊಂಡು ನಮ್ಮ ಅಂಗಳದಲ್ಲಿ ಮೊದಲ ಸಲ ನಡೆದಾಗ ಕೋಳಿಗಳು ಸಹ ದಾರಿ ಬಿಟ್ಟವು.

ಮೇಸ್ತ್ರಿ ಕಿವಿಯಲ್ಲಿ ಹೇಳಿದ್ದು ಇಷ್ಟು. "ನಿಮ್ಮ ಹಟ್ಟಿಯವರು ಬಂದರೆ ನೀನು ನೋಡಿಲ್ಲ. ದೊರೆಗೂ ಅದು ಸಾಕಾಗಿದೆ. ಲೈನಿನವರು ಬಂದರೆ ಮಾತ್ರ ಸೀಟಿ ಊದು."

ಸಂಜೆ ಅಕ್ಕನಿಗೆ ಹೇಳಿದೆ. ನಮ್ಮ ಕೆಲಸ ಆಯಿತು, ನಮಗೆ ದಾರಿ ಸಿಕ್ಕಿತು ಎಂದೆ. ಅವಳು ನನ್ನ ತಟ್ಟೆಗೆ ಹಿಟ್ಟಿನ ಮುದ್ದೆ ಹಾಕಿದಳು, ಉದಕ ಹಾಕಲಿಲ್ಲ.

"ಉದಕ?"

"ಮುದ್ದೆ ಸಿಕ್ಕಿತಲ್ಲ. ನಿನ್ನ ಕೆಲಸ ಆಯ್ತು, ತಿನ್ನು."

ಹಟ್ಟಿಯ ಹಿರಿಯರ ಕೂಟದಲ್ಲೂ ಇದೇ ಮಾತು ಬಂತು. ನಮಗೆ ಬಿಟ್ಟರೆ ಸಾಕು, ಲೈನಿನವರ ಗೊಡವೆ ಏಕೆ ಎಂದರು. ಕೂಟದಲ್ಲಿ ಹೆಂಗಸರು ಕೂರುವುದಿಲ್ಲ. ಅಕ್ಕ ಬಾಗಿಲಲ್ಲಿ ಅವರೆ ಬಿಡಿಸುತ್ತ ಕೂತಿದ್ದಳು. "ಅವರೂ ನಮ್ಮ ಜೊತೆ ಬಂದ್ರು ಅಂತ ದೊರೆ ಇವತ್ತು ನಮಗೆ ಬಿಟ್ಟ. ಅವರನ್ನ ಬಿಟ್ಟು ನಾವು ಹೋದ್ರೆ ನಾಳೆ ನಮಗೂ ಹಾಕ್ತಾನೆ. ಆಗ ಕೂಗಿದ್ರೆ ಬರೋಕೆ ಯಾರಿದಾರೆ, ಎಮ್ಮೆ?" ಎಂದಳು. ಹಿರಿಯರು ಕೇಳಿಸದವರ ಹಾಗೆ ಕೂತರು. ಆದರೆ ಯಾರೂ ಇಲ್ಲ ಎನ್ನಲಿಲ್ಲ. ಅಕ್ಕನಿಗೆ ಬೇಕಾಗಿದ್ದೂ ಅಷ್ಟೇ.

ಮರುದಿನ ನನ್ನ ಅಜ್ಜಿಯನ್ನು ಮುಂದೆ ಬಿಟ್ಟುಕೊಂಡು ಹಟ್ಟಿ ಪೂರಾ ಗೇಟಿಗೆ ಬಂತು, ಹಿಂದೆ ಲೈನಿನ ಹೆಂಗಸರು. ಅಜ್ಜಿಯನ್ನು ನಾವು ಹೆತ್ತೆ ಎನ್ನುತ್ತೇವೆ. ಹೆತ್ತೆ ಎದುರಿಗೆ ನಿಂತು ಕೈ ಎತ್ತಿದಳು. ನಾನು ಟೊಪ್ಪಿಗೆ ತೆಗೆದು ಬಗ್ಗಿದೆ, ಬಗ್ಗದೆ ಇರುವುದು ಹೇಗೆ? ಹೆತ್ತೆ ಹರಸಲು ಶುರು ಮಾಡಿದಳು. ಎಮ್ಮೆಯಿಂದ ಹಿಡಿದಳು. ಎಮ್ಮೆಯ ಕರು, ಕರುವಿನ ಕರು, ಹೊಲ, ಹೊಲದ ಬೇಲಿ, ನನಗೆ ಬರಬೇಕಾದ ಹೆಂಡತಿ, ಅವಳ ತವರು. ನನಗೆ ಕಾಣುತ್ತಿದ್ದದ್ದು ನೆಲ ಮಾತ್ರ. ನೆಲದ ಮೇಲೆ ಪಾದಗಳು ಹೋಗುತ್ತಿದ್ದವು. ನಮ್ಮವರ ಪಾದ, ಎಲೆ ಕೀಳುವವರ ಸೀಳು ಬಿಟ್ಟ ಪಾದ, ಎಮ್ಮೆಗಳ ಗೊರಸು. ಎಲ್ಲರೂ ದಾಟಿದ ಮೇಲೆ ಹೆತ್ತೆ ಕೈ ತೆಗೆದಳು. ನಾನು ತಲೆ ಎತ್ತಿದಾಗ ದಾರಿಯಲ್ಲಿ ಸಗಣಿ ಮಾತ್ರ ಇತ್ತು.

ಮೇಸ್ತ್ರಿ ಬಂದು ಕೇಳಿದ. "ಲೈನಿನವರು ಹೋದರಾ?"

"ನಾನು ಯಾರನ್ನೂ ನೋಡಲಿಲ್ಲ," ಎಂದೆ. ನಿಜವೇ.

ಮದುವೆ ಮನೆಗಳಲ್ಲಿ ಹೇಳುವ ಕಥೆ ಇದು. ದಿನಕ್ಕೊಬ್ಬರು ಹಿರಿಯರು ಬರುತ್ತಿದ್ದರು. ನನ್ನ ಕತ್ತು ಹಿಡಿದುಕೊಂಡಿತು. ಆದರೆ ಒಳಗೊಳಗೆ ನನಗೆ ಖುಷಿ. ಕೋಟಿಗೆ ಕೋಟೂ ಇತ್ತು, ಅಕ್ಕ ಉದಕವನ್ನೂ ಹಾಕತೊಡಗಿದ್ದಳು.

ಹೀಗಿರುವಾಗ ಒಂದು ಸಂಜೆ ಅಕ್ಕ ಹೇಳಿದಳು. "ತಮ್ಮಾ, ದಿನಾ ನಮ್ಮವರ ಬೆನ್ನ ಹಿಂದೆ ಅವರು ಕಳ್ಳರ ಹಾಗೆ ದಾಟೋದು ಸರಿಯಲ್ಲ. ನಾಳೆ ಪಾಟಿ ಮುಂದೆ ಬರ್ತಾಳೆ, ನಾವು ಹಿಂದೆ. ನಿನಗಿಂತ ದೊಡ್ಡವಳು. ಏನು ಮಾಡಬೇಕು ಗೊತ್ತಲ್ಲ?"

"ಗೊತ್ತು," ಎಂದೆ.

ಅವಳು ಇನ್ನೊಂದು ಸಲ ಕೇಳಲಿಲ್ಲ. ನನ್ನ ಮಾತನ್ನು ಅಕ್ಕ ಎರಡನೆಯ ಸಲ ಕೇಳದೆ ನಂಬಿದ್ದು ಅದೊಂದೇ ಬಾರಿ.

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ನಮ್ಮ ಮನೆಯ ಎಮ್ಮೆ ಈಯಲು ನಿಂತಿತ್ತು, ಅಕ್ಕನಿಗೆ ಬರಲು ತಡವಾಯಿತು. ಪಾಟಿ ಒಬ್ಬಳೇ ಬಂದಳು. ತಲೆಗೆ ಕಂಬಳಿ ಹೊದ್ದು, ಬಾಯಲ್ಲಿ ವೀಳ್ಯ. ಗೇಟಿನ ಆ ಕಡೆ ನಿಂತು, ನನ್ನನ್ನು ನೋಡಿ ನಕ್ಕು, ಬಲಗೈ ಮೇಲೆತ್ತಿದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಎತ್ತಿದಳು. ಅದು ನನಗೆ ಚೆನ್ನಾಗಿ ನೆನಪಿದೆ.

ಅಲ್ಲಿ ಬೇರೆ ಯಾರೂ ಇರಲಿಲ್ಲ. ದೊರೆ ಇರಲಿಲ್ಲ, ಮೇಸ್ತ್ರಿ ಇರಲಿಲ್ಲ, ನಮ್ಮ ಹಟ್ಟಿಯವರೊಬ್ಬರೂ ಇರಲಿಲ್ಲ. ನಾನು ಬಗ್ಗಿದ್ದರೆ ಕಂಡವರು ಯಾರೂ ಇಲ್ಲ. ಬಗ್ಗದೆ ಇದ್ದರೂ ಕಂಡವರು ಯಾರೂ ಇಲ್ಲ. ನನ್ನ ಕೈ ಟೊಪ್ಪಿಗೆಗೆ ಹೋಯಿತು. ಹೋಗಿ ಅದನ್ನು ಇನ್ನೂ ಬಿಗಿಯಾಗಿ ಕೂರಿಸಿತು.

ಆಗ ನನ್ನ ಮನಸ್ಸಿನಲ್ಲಿ ಬಂದದ್ದು ನಮ್ಮ ಮನೆಯ ಹಾಲಿನ ಕೋಣೆ. ಆ ಕೋಣೆಗೆ ಹೋಗಿ ಹಾಲು ಇಡುವ ಗಂಡಸು ಮಡಿಯಾಗಿರಬೇಕು. ಲೈನಿನವಳ ಕೈ ತಲೆಗೆ ತಾಗಿದ ಮೇಲೆ ನಾನು ಅಲ್ಲಿಗೆ ಹೇಗೆ ಹೋಗಲಿ ಎಂದುಕೊಂಡೆ. ನಮ್ಮ ಮನೆಯಲ್ಲಿ ಹಾಲು ಕರೆಯುತ್ತಿದ್ದವನು ಅಪ್ಪ. ನಾನು ಆ ಕೋಣೆಯ ಬಾಗಿಲು ತುಳಿದು ಒಂದು ವರ್ಷದ ಮೇಲಾಗಿತ್ತು. ಅವತ್ತು ಮಾತ್ರ ನನಗೆ ಮಡಿ ನೆನಪಾಯಿತು.

ಪಾಟಿಯ ಕೈ ಹಾಗೇ ಮೇಲಿತ್ತು. "ಏನ್ ತಂಬಿ, ಕತ್ತು ನೋವಾ?" ಎಂದು ತಮಿಳಿನಲ್ಲಿ ಕೇಳಿದಳು. ನನಗೆ ನಿಜವಾಗಿ ಕತ್ತು ನೋವಿದೆ ಎಂದೇ ಅವಳು ತಿಳಿದಿದ್ದಳು.

ನಾನು ಸೀಟಿ ಊದಿದೆ.

ಮೇಸ್ತ್ರಿ ಓಡಿ ಬಂದ. ಬಹಳ ದಿನದಿಂದ ಅವನು ಕಾಯುತ್ತಿದ್ದ ಸೀಟಿ ಅದು. ಆ ಮಧ್ಯಾಹ್ನವೇ ಪಾಟಿಯ ಗಂಟುಮೂಟೆ ಕಟ್ಟಿಸಿ, ಎಸ್ಟೇಟಿನ ಗಾಡಿಯಲ್ಲಿ ಕೂರಿಸಿ, ಘಟ್ಟದ ಕೆಳಗೆ ಕಳಿಸಿಬಿಟ್ಟರು.

ಅಕ್ಕ ಸುದ್ದಿ ಕೇಳಿ ಎಮ್ಮೆಯನ್ನೂ ಕರುವನ್ನೂ ಬಿಟ್ಟು ಬಂದಳು. ಕೈಯಲ್ಲಿ ಇನ್ನೂ ಹುಲ್ಲಿತ್ತು.

"ಏಕೆ ಬಗ್ಗಲಿಲ್ಲ?"

"ದೊರೆ ಅಲ್ಲೇ ನಿಂತಿದ್ದ," ಎಂದೆ. ನಾಲಗೆ ಎಷ್ಟು ಸಲೀಸಾಗಿ ಹೊರಳಿತು ಎಂದರೆ ನನಗೇ ಒಂದು ಕ್ಷಣ ದೊರೆ ಕಂಡ. "ಮಂಜಿನಲ್ಲಿ ನಿಂತಿದ್ದ. ಕುದುರೆ ಮೇಲೆ. ನನ್ನನ್ನೇ ನೋಡ್ತಿದ್ದ."

ಅಕ್ಕ ಕೈಯಲ್ಲಿದ್ದ ಹುಲ್ಲನ್ನು ನೋಡಿದಳು. "ಯಾವ ಕುದುರೆ?"

"ಕರಿ ಕುದುರೆ."

"ಹೂಂ," ಎಂದಳು.

ಅಂದು ಇಡೀ ಸಂಜೆ ಅವಳು ಮನೆಯಲ್ಲಿರಲಿಲ್ಲ, ಲೈನಿಗೆ ಹೋಗಿದ್ದಳು. ಮರುದಿನದಿಂದ ನಡೆದದ್ದನ್ನು ನಮ್ಮ ಸೀಮೆಯೆಲ್ಲ ಬಲ್ಲದು. ಹದವಾದ ಮಳೆ ಬಿದ್ದು ಗಿಡಗಳು ಚಿಗುರಿ ನಿಂತಿದ್ದ ಕಾಲ. ಆಗ ಎಲೆ ಕೀಳದೆ ಬಿಟ್ಟರೆ ಬಲಿತು ಕಾರ್ಖಾನೆಗೆ ಬೇಡವಾಗುತ್ತದೆ. ಬೆಳಿಗ್ಗೆ ಲೈನಿನ ತಾಯಂದಿರು ಬುಟ್ಟಿ ಹೊತ್ತು ಎಂದಿನಂತೆ ಹೊರಟರು. ಹೊರಟವರು ನೇರ ಮೇಸ್ತ್ರಿಯ ಮನೆಗೆ ಹೋಗಿ, ಜಗಲಿಯ ಮೇಲೆ ಕೂಸುಗಳನ್ನು ಒಂದೊಂದಾಗಿ ಮಲಗಿಸಿದರು.

"ಇದೇನು?" ಎಂದ ಮೇಸ್ತ್ರಿ.

"ಪಾಟಿಯನ್ನ ಕಳಿಸಿಬಿಟ್ಟೆಯಲ್ಲ. ಇವತ್ತಿಂದ ನೀನೇ ಪಾಟಿ," ಎಂದು ಒಬ್ಬಳು ಅವನ ಕೈಗೆ ಹಾಲಿನ ಬಟ್ಟಲು ಕೊಟ್ಟಳು.

ಕೂಸುಗಳು ಒಟ್ಟಿಗೆ ಅತ್ತವು. ಆ ಅಳು ದೊರೆಯ ಬಂಗಲೆಗೂ ಕೇಳುತ್ತಿತ್ತು. ಮೇಸ್ತ್ರಿ ತನ್ನ ಹೆಂಡತಿಯನ್ನು ಕರೆದ. ಅವಳು ತನಗೆ ತನ್ನವೇ ಸಾಕಷ್ಟಿವೆ ಎಂದು ಬಾಗಿಲು ಹಾಕಿಕೊಂಡಳು. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬಂದು ಗೇಟಿನ ಆ ಕಡೆ ಕೂತರು. ಪಾಟಿ ಬರುವವರೆಗೆ, ಎಲ್ಲರಿಗೂ ದಾರಿ ಬಿಡುವವರೆಗೆ ಎಲೆ ಕೀಳುವುದಿಲ್ಲ ಎಂದರು.

ನಮ್ಮವರಿಗೆ ತಡೆ ಇರಲಿಲ್ಲ, ಅಕ್ಕ ದಾಟಿ ಬಂದು ಗೇಟಿನ ಈ ಕಡೆ ಕೂತಳು. ಮೊದಲು ಹೆಂಗಸರು ಬಂದರು. ಆಮೇಲೆ, ಹೆಂಗಸರಿಗೆ ಊಟ ತಂದುಕೊಡುವ ನೆವದಲ್ಲಿ ಗಂಡಸರೂ ಬಂದು ಕೂತರು, ಕೂಟದಲ್ಲಿ ಕೇಳಿಸದವರ ಹಾಗೆ ಇದ್ದ ಹಿರಿಯರೂ ಸೇರಿ. ಅವರನ್ನು ಎಬ್ಬಿಸಿದ್ದು ನನ್ನ ಸುಳ್ಳು. ಅಕ್ಕ ಮನೆಮನೆಗೆ ಹೋಗಿ, "ನಮ್ಮ ಹುಡುಗ ಹಿರಿಯಳಿಗೆ ತಲೆ ಬಗ್ಗಿಸೋಕೆ ಹೋದ. ದೊರೆ ಕರಿ ಕುದುರೆ ಮೇಲೆ ಬಂದು ಹೆದರಿಸಿ ನಿಲ್ಲಿಸಿದ" ಎಂದು ಹೇಳಿದ್ದಳು. ದಾರಿ ಮುಚ್ಚಿದಾಗ ಏಳದೆ ಇದ್ದ ಸಿಟ್ಟು, ನಮ್ಮ ಪದ್ಧತಿಗೇ ದೊರೆ ಕೈ ಹಾಕಿದ ಎಂದಾಗ ಎದ್ದಿತು. ಹಟ್ಟಿಯಿಂದ ಬಂಗಲೆಗೆ ಹೋಗುತ್ತಿದ್ದ ಹಾಲು ನಿಂತಿತು, ತರಕಾರಿ ನಿಂತಿತು. ಸುತ್ತ ಟೀ, ನಡುವೆ ಬಂಗಲೆ, ಬಂಗಲೆಯ ಒಳಗೆ ಹಾಲಿಲ್ಲದ ಟೀ ಕುಡಿಯುತ್ತ ದೊರೆಸಾನಿ.

ನಾನು ಗೇಟಿನ ನಡುವೆ, ಕೋಟು ಹಾಕಿಕೊಂಡು. ಎರಡು ಕಡೆಯವರೂ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. "ಪಾಪ, ಕುದುರೆ ತುಳಿದುಬಿಟ್ಟಿದ್ರೆ ಏನು ಗತಿ," ಎಂದು ಹೆತ್ತೆ ನನ್ನ ಬೆನ್ನು ಸವರಿದಳು. ಮಾವ ಕೇಳಿದ, "ಎಷ್ಟು ಎತ್ತರ ಇತ್ತೋ ಕುದುರೆ?" ನಾನು ಕೈ ಎತ್ತಿ ತೋರಿಸಿದೆ. ಕೈ ಸ್ವಲ್ಪ ಹೆಚ್ಚೇ ಮೇಲೆ ಹೋಯಿತು.

ಅದೇ ದಿನಗಳಲ್ಲಿ ಗೇಟಿನ ಅಗಳಿಗೆ ನಮ್ಮ ಎಮ್ಮೆಯೊಂದು ಮೈ ಉಜ್ಜಿ ಅದನ್ನು ಕಿತ್ತುಹಾಕಿತು. ಎಮ್ಮೆಗೆ ಅಲ್ಲೇ ಮೈ ಕಡಿಯಬೇಕು ಎಂದು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನಮ್ಮ ಬೆಟ್ಟದಲ್ಲಿ ಕಬ್ಬಿಣದ ಕೆಲಸವೆಲ್ಲ ಕೋತ ಜನರದು, ಮೇಸ್ತ್ರಿ ಅಗಳಿಯನ್ನು ಕೋತರ ಹಟ್ಟಿಯ ಕಮ್ಮಾರನಿಗೆ ಕಳಿಸಿದ. ಕಮ್ಮಾರ ಹಬ್ಬ ಮುಗಿಯಲಿ ಮಾಡಿಕೊಡುತ್ತೇನೆ ಎಂದ. ಹಬ್ಬ ಮುಗಿದ ಮೇಲೆ ಇದ್ದಿಲು ಒದ್ದೆ ಎಂದ. ಇದ್ದಿಲು ಒಣಗುವ ಹೊತ್ತಿಗೆ ಇನ್ನೊಂದು ಹಬ್ಬ ಬಂತು.

ಎಲೆ ಬಲಿತು ಕರ್ರಗಾಯಿತು. ಯಾರೂ ಒಂದು ಗಿಡ ಮುರಿಯಲಿಲ್ಲ, ಒಂದು ಕಲ್ಲು ಎಸೆಯಲಿಲ್ಲ. ಮಳೆ ಬಂದರೆ ಕಂಬಳಿ ಹೊದ್ದು ಕೂರುತ್ತಿದ್ದರು. ಒಂದು ದಿನ ಗೇಟಿನ ಆ ಕಡೆಯ ಕೂಸೊಂದು ಹೊಟ್ಟೆಗಿಲ್ಲದೆ ಅಳುತ್ತಿತ್ತು. ಹೆತ್ತೆ ಎದ್ದು, ನಮ್ಮ ಹಾಲಿನ ಕೋಣೆಯ ಹಾಲನ್ನು ತನ್ನ ಬಟ್ಟಲಿನಲ್ಲೇ ಕುಡಿಸಿದಳು. ಆ ಬಟ್ಟಲು ತೊಳೆದು ಮತ್ತೆ ಒಲೆಯ ಪಕ್ಕ ಇಟ್ಟಳು. ನಾನು ನೋಡುತ್ತಾ ನಿಂತಿದ್ದೆ.

ಕೊನೆಗೆ ದೊರೆಯೇ ಸೋತ. ಸೋತೆ ಎನ್ನಲಿಲ್ಲ, ಮೇಸ್ತ್ರಿಗೆ ಹೇಳಿ ಗಾಡಿ ಕಳಿಸಿದ. ಘಟ್ಟದ ಕೆಳಗೆ ಹುಡುಕಿ ಪಾಟಿಯನ್ನು ಕರೆತಂದರು. ಗಾಡಿ ಗೇಟಿನ ಹತ್ತಿರ ನಿಂತಿತು. ಎರಡು ಕಡೆಯ ಜನರೂ ಎದ್ದು ನಿಂತರು. ಪಾಟಿ ಇಳಿದು ನನ್ನ ಎದುರಿಗೆ ಬಂದಳು, ಸೊರಗಿಹೋಗಿದ್ದಳು. ಕೈಯನ್ನು ಈ ಸಲ ಒರೆಸಿಕೊಳ್ಳಲಿಲ್ಲ.

ನಾನು ಟೊಪ್ಪಿಗೆ ತೆಗೆದು ಬಗ್ಗಿದೆ. ಅವಳು ತಲೆಯ ಮೇಲೆ ಕೈ ಇಟ್ಟಳು. ಜನ ದಾಟತೊಡಗಿದರು, ಹರ್ಷದಿಂದ ಕೂಗುತ್ತ. ಕುದುರೆಯ ಕಥೆ ಗಾಡಿಯವನಿಂದ ಅವಳಿಗೆ ಮುಟ್ಟಿತ್ತು. ಆ ಗದ್ದಲದಲ್ಲಿ ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ತಮಿಳಿನಲ್ಲಿ ಕೇಳಿದಳು, "ತಂಬಿ, ಆ ಕುದುರೆ ಎಲ್ಲಿ?"

ಅವಳು ಉತ್ತರಕ್ಕೆ ಕಾಯುವ ಹಾಗೆ ಕೈ ತೆಗೆಯದೆ ಹಿಡಿದಿದ್ದಳು, ಕೊನೆಯ ಎಮ್ಮೆ ದಾಟುವವರೆಗೆ. ಆಮೇಲೆ ಬಿಟ್ಟಳು. ಅವಳು ಇದನ್ನು ಬೇರೆ ಯಾರಿಗೂ ಹೇಳಲಿಲ್ಲ ಎಂದು ನಾನು ನಂಬಿಕೊಂಡೆ. ನಂಬುವುದು ನನಗೆ ಅನುಕೂಲವಾಗಿತ್ತು.

ಅಗಳಿ ಕಮ್ಮಾರನ ಮನೆಯಿಂದ ಇನ್ನೂ ಬಂದಿಲ್ಲ. ದೊರೆ ಬೇರೆ ಎಸ್ಟೇಟಿಗೆ ಹೋದ. ಗೇಟಿನ ಹಲಗೆಗಳು ಒಂದೊಂದಾಗಿ ಯಾರ ಯಾರದೋ ಒಲೆ ಸೇರಿದವು. ಕೋಟನ್ನು ನಾನು ತಿರುಗಿ ಕೊಟ್ಟೆ. ಟೊಪ್ಪಿಗೆಯಲ್ಲಿ ಅಕ್ಕ ಕೋಳಿಗೆ ಮೊಟ್ಟೆ ಇಡಿಸಿದಳು.

ಹಲವು ವರ್ಷಗಳ ಮೇಲೆ, ಆ ಬಂಗಲೆಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು ಊಟಿಯ ಒಂದು ಕಾಫಿ ಅಂಗಡಿಯಲ್ಲಿ ಸಿಕ್ಕಿದ. ಹಳೆಯ ಮಾತು ಬಂತು. ಅವನು ನಗುತ್ತ, "ಜನ ಏನೇನೋ ಕಟ್ಟಿದರು. ಆ ವಾರ ಕರಿ ಕುದುರೆ ಕಾಲು ಉಳುಕಿ ಲಾಯದಲ್ಲೇ ಇತ್ತು, ದೊರೆ ರೈಲಿನಲ್ಲಿ ಕೂನೂರಿಗೆ ಹೋಗಿದ್ದರು. ನಿನ್ನ ಅಕ್ಕ ಅವತ್ತು ಸಂಜೆಯೇ ಲಾಯಕ್ಕೆ ಬಂದು ಕೇಳಿದಳು, ನಾನು ಇದನ್ನೇ ಹೇಳಿದ್ದೆ" ಎಂದ.

ಅವತ್ತು ಸಂಜೆಯೇ. ಅಂದರೆ ಮನೆಮನೆಗೆ ಹೋಗಿ ಕರಿ ಕುದುರೆಯ ಕಥೆ ಹೇಳಿದಾಗ ಅವಳಿಗೆ ಕುದುರೆ ಇಲ್ಲ ಎಂದು ಗೊತ್ತಿತ್ತು. ನನ್ನ ಸುಳ್ಳನ್ನು ಅವಳು ನನ್ನ ಮುಖಕ್ಕೆ ಎಸೆಯಲಿಲ್ಲ. ಎತ್ತಿಕೊಂಡು ಹೋಗಿ ಅದರಿಂದ ಒಂದು ಹಟ್ಟಿಯನ್ನು ಎಬ್ಬಿಸಿದಳು. ನಮ್ಮವನೊಬ್ಬ ಯಾರೂ ನೋಡದಾಗಲೂ ಲೈನಿನ ಮುದುಕಿಗೆ ಬಗ್ಗಲಿಲ್ಲ ಎಂದು ನಿಜ ಹೇಳಿದ್ದರೆ, ಗೇಟಿನ ಆ ಕಡೆಯವರು ನಮ್ಮ ಜೊತೆ ಇನ್ನೊಂದು ದಿನವೂ ಕೂರುತ್ತಿರಲಿಲ್ಲ.

ಆಮೇಲೆ ನನಗೆ ಇನ್ನೊಂದು ಅರ್ಥವಾಯಿತು. ಅಕ್ಕನಿಗೆ ಒಂದು ಅಭ್ಯಾಸವಿತ್ತು. ಮದುವೆಯಲ್ಲಿ, ಹಬ್ಬದಲ್ಲಿ, ನಾಲ್ಕು ಜನ ಕೂಡಿದಲ್ಲೆಲ್ಲ, "ನಮ್ಮ ತಮ್ಮ ಕರಿ ಕುದುರೆ ಕಂಡವನು. ಹೇಳೋ ತಮ್ಮಾ, ಹೆಂಗಿತ್ತು ಕುದುರೆ?" ಎಂದು ನನ್ನ ಕಡೆ ನೋಡುತ್ತಿದ್ದಳು. ಜನ ಅದನ್ನು ಹೊಗಳಿಕೆ ಎಂದುಕೊಂಡರು, ನಾನೂ ಹಾಗೆಯೇ ಅಂದುಕೊಂಡು ವರ್ಷ ವರ್ಷ ಕುದುರೆಯನ್ನು ದೊಡ್ಡದು ಮಾಡುತ್ತ ಬಂದಿದ್ದೆ. ಬಾಲ ಇಷ್ಟುದ್ದ, ಉಸಿರು ಹೊಗೆಯ ಹಾಗೆ ಎಂದು ಸೇರಿಸುತ್ತ ಹೋದೆ. ಪ್ರತಿ ಸಲವೂ ಅವಳು ಗೇಟು ತೆಗೆದು ನಿಂತಿದ್ದಳು. ನಾನು ದಾಟಲಿಲ್ಲ.

ಗೊತ್ತಾದ ಮೇಲಾದರೂ ಹೇಳಬಹುದಿತ್ತು. ಈ ಹಬ್ಬಕ್ಕೆ ಹೇಳುತ್ತೇನೆ, ಮುಂದಿನ ಹಬ್ಬಕ್ಕೆ ಹೇಳುತ್ತೇನೆ ಎಂದು, ಆ ಕಮ್ಮಾರನ ಹಾಗೆ ಮುಂದೆ ಹಾಕುತ್ತ ಬಂದೆ.

ಕೊನೆಯ ಸಲ ಕೇಳಿದಾಗ ಜನ ಯಾರೂ ಇರಲಿಲ್ಲ. ಅಕ್ಕ ಕಾಯಿಲೆ ಬಿದ್ದು ಅಂಗಳದ ಬಿಸಿಲಿನಲ್ಲಿ ಮಲಗಿದ್ದಳು. ಕೆಳಗೆ ಆ ದಾರಿಯಲ್ಲಿ ಲೈನಿನ ಹೆಂಗಸರು ಸಂತೆ ಮುಗಿಸಿಕೊಂಡು ಗಟ್ಟಿಯಾಗಿ ಹರಟುತ್ತ ಬರುತ್ತಿದ್ದರು. ಅವಳು ಅದನ್ನು ನೋಡುತ್ತ ಹೇಳಿದಳು, "ತಮ್ಮಾ, ಬಹಳ ದಿನದಿಂದ ಕೇಳಬೇಕು ಅಂತಿದ್ದೆ. ಆ ಕುದುರೆ ಹಣೆಯಲ್ಲಿ ಬಿಳಿ ಚುಕ್ಕೆ ಇತ್ತಾ?"

ಅವಳ ಮುಖದಲ್ಲಿ ನಗು ಇತ್ತೋ ಇಲ್ಲವೋ ನಾನು ನೋಡಲಿಲ್ಲ. ನನ್ನ ಬಾಯಿ ತೆರೆಯಿತು.

"ಇತ್ತು," ಎಂದೆ.

"ಹೂಂ," ಎಂದು ಅವಳು ಕಂಬಳಿ ಎಳೆದುಕೊಂಡಳು.

ಚುಕ್ಕೆ ಇರಲಿಲ್ಲ ಅಕ್ಕ. ಕುದುರೆಯೂ ಇರಲಿಲ್ಲ. ಪಾಟಿ ಕೈ ಒರೆಸಿಕೊಂಡು ಎತ್ತಿದ್ದಳು, ನಾನು ಟೊಪ್ಪಿಗೆಯನ್ನು ಬಿಗಿ ಮಾಡಿಕೊಂಡೆ.